ಕೊಟ್ಟ ಮಾತು, ತಲುಪದ ಆಟಗಾರ

ವ್ರತವೆಂಬ ಪದವನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಉಪವಾಸ. ಅಷ್ಟಮಿ ಚತುರ್ದಶಿಗಳ ಪ್ರೋಷಧ, ದಶಲಕ್ಷಣ ಪರ್ವದ ಏಕಾಶನ, ಅನಂತ ಚತುರ್ದಶಿಯ ನಿರಾಹಾರ, ಇವೇ ವ್ರತಗಳೆಂದು ಎಣಿಸಿ, ಪಾರಣೆ ಮುಗಿಸಿ ಅಂಗಡಿಗೆ ಹೋಗಿ ಕುಳಿತೊಡನೆ ವ್ರತದ ಮಾತು ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಶ್ರಾವಕನ ಹನ್ನೆರಡು ವ್ರತಗಳ ಕ್ರಮವನ್ನು ನೋಡಿದರೆ ಪ್ರೋಷಧೋಪವಾಸವು ಬರುವುದು ಶಿಕ್ಷಾವ್ರತಗಳ ಸಾಲಿನಲ್ಲಿ. ಅದಕ್ಕಿಂತ ಬಹು ಮೊದಲೇ ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹಪರಿಮಾಣಗಳೆಂಬ ಐದು ಅಣುವ್ರತಗಳು ನಿಂತಿವೆ. ಹೊಟ್ಟೆಯನ್ನು ಕಟ್ಟುವ ಮುನ್ನ ನಾಲಗೆಯನ್ನೂ ಕೈಯನ್ನೂ ಕಟ್ಟಬೇಕೆಂಬುದೇ ಈ ಕ್ರಮದ ಆಶಯ. ಉಪವಾಸವು ಶಿಕ್ಷಣ, ಆ ಶಿಕ್ಷಣದ ಪರೀಕ್ಷೆ ನಡೆಯುವುದು ನಿತ್ಯದ ಕೊಡುಕೊಳ್ಳುವಿಕೆಯಲ್ಲಿ.

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆರ್ಜವದ ದಿನ, ಸ್ವಾಧ್ಯಾಯಕ್ಕೆ ಬಂದಿದ್ದ ತರುಣರೊಬ್ಬರು ಒಂದು ಪ್ರಶ್ನೆಯನ್ನಿಟ್ಟರು. "ವ್ಯಾಪಾರ ಕುದುರಿತು, ಮಾತಾಯಿತು, ಸಹಿಯೂ ಬಿತ್ತು. ಕೊಂಡದ್ದು ಕೈಗೆ ಬರುವ ಮೊದಲೇ ನಾಶವಾದರೆ ಹಣ ಕೊಡಬೇಕೆ? ನಾಶವಾದದ್ದು ಸರಕಲ್ಲ, ಒಬ್ಬ ಮನುಷ್ಯನ ಪ್ರಾಣವೆಂದಾದರೆ?" ಅವರು ಕೇಳಿದ್ದು ಫುಟ್‌ಬಾಲ್ ಲೋಕದ ಒಂದು ಪ್ರಸಿದ್ಧ ವ್ಯಾಜ್ಯವನ್ನು ಕುರಿತು. "ಬಾರದವನಿಗೆ ಬೆಲೆಯೇಕೆ? ಕೊಡಬೇಕಿಲ್ಲ" ಎಂದು ನಾನು ಆ ಕ್ಷಣದಲ್ಲಿ ಉತ್ತರಿಸಿಬಿಟ್ಟೆ. ಮನೆಗೆ ಬಂದು ಪ್ರಕರಣವನ್ನು ಪೂರ್ತಿಯಾಗಿ ಓದಿದ ಮೇಲೆ, ಅಣುವ್ರತಗಳ ಅತಿಚಾರಗಳನ್ನು ಮತ್ತೊಮ್ಮೆ ತಿರುವಿದ ಮೇಲೆ, ನನ್ನ ಉತ್ತರ ಅವಸರದ್ದೆಂದು ಮನವರಿಕೆಯಾಯಿತು. ಆ ತಿದ್ದುಪಡಿಯೇ ಈ ಬರಹ.

ನಡೆದ ಸಂಗತಿ

ಎಮಿಲಿಯಾನೊ ಸಾಲಾ ಅರ್ಜೆಂಟೀನಾ ದೇಶದ ಸಾಂತಾ ಫೆ ಪ್ರಾಂತ್ಯದವನು. ಪ್ರೊಗ್ರೆಸೊ ಎಂಬ ಚಿಕ್ಕ ಊರಿನಲ್ಲಿ ಬೆಳೆದವನು. 1990ರಲ್ಲಿ ಹುಟ್ಟಿದ ಆತ ತರುಣನಾಗಿಯೇ ಫ್ರಾನ್ಸಿಗೆ ಬಂದು, ಬೋರ್ಡೋ ಕ್ಲಬ್ಬಿನಲ್ಲಿ ಪಳಗಿ, 2015ರಲ್ಲಿ ನಾಂತ್ ಕ್ಲಬ್ಬನ್ನು ಸೇರಿದನು. 2018-19ರ ಋತುವಿನ ಮೊದಲರ್ಧದಲ್ಲಿ ಫ್ರಾನ್ಸಿನ ಉನ್ನತ ಲೀಗಿನಲ್ಲಿ 12 ಗೋಲುಗಳನ್ನು ಹೊಡೆದು ಹೆಸರಾದನು. ವೇಲ್ಸ್‌ನ ರಾಜಧಾನಿಯಾದ ಕಾರ್ಡಿಫ್‌ನ ಕಾರ್ಡಿಫ್ ಸಿಟಿ ಕ್ಲಬ್ಬು ಆಗ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಆಡುತ್ತಿದ್ದು, ಕೆಳಗಿನ ಶ್ರೇಣಿಗೆ ಜಾರುವ ಭಯದಲ್ಲಿತ್ತು. ಗೋಲು ಹೊಡೆಯುವವನೊಬ್ಬ ಅದಕ್ಕೆ ಬೇಕಾಗಿದ್ದನು.

ಈ ವೃತ್ತಿಯ ಪದ್ಧತಿಯನ್ನು ಅರಿಯದವರಿಗಾಗಿ ಒಂದು ಮಾತು. ಒಂದು ಕ್ಲಬ್ಬಿನ ಕರಾರಿನಲ್ಲಿರುವ ಆಟಗಾರನು ಕರಾರಿನ ಅವಧಿಯೊಳಗೆ ಇನ್ನೊಂದು ಕ್ಲಬ್ಬಿಗೆ ಹೋಗಬೇಕಾದರೆ ಮೊದಲನೆಯದು ಅವನನ್ನು ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಡುವುದಕ್ಕೆ ತೆರುವ ಹಣವೇ ವರ್ಗಾವಣೆ ಶುಲ್ಕ. ದೇಶದಿಂದ ದೇಶಕ್ಕೆ ಹೋಗುವಾಗ ಅಂತರರಾಷ್ಟ್ರೀಯ ವರ್ಗಾವಣೆ ಪತ್ರದ ಮೂಲಕ ಅವನ ನೋಂದಣಿಯೂ ಒಂದು ದೇಶದ ಸಂಘದಿಂದ ಇನ್ನೊಂದರ ಸಂಘಕ್ಕೆ ಹೋಗುತ್ತದೆ.

ಸಾಲಾನಿಗಾಗಿ ಗೊತ್ತಾದ ಶುಲ್ಕ 1 ಕೋಟಿ 70 ಲಕ್ಷ ಯೂರೋ, ಎಂದರೆ ಸುಮಾರು 1.5 ಕೋಟಿ ಪೌಂಡು. ಕಾರ್ಡಿಫ್‌ನ ಇತಿಹಾಸದಲ್ಲಿ ಅಷ್ಟು ದೊಡ್ಡ ಮೊತ್ತ ಹಿಂದೆಂದೂ ಒಬ್ಬ ಆಟಗಾರನಿಗೆ ಗೊತ್ತಾಗಿರಲಿಲ್ಲ. ಹಣವನ್ನು ಮೂರು ಕಂತುಗಳಲ್ಲಿ ಕೊಡಬೇಕೆಂದೂ ಮೊದಲ ಕಂತು 60 ಲಕ್ಷ ಯೂರೋ ಎಂದೂ ಒಪ್ಪಂದವಾಯಿತು. 2019ರ ಜನವರಿ 19ರಂದು ಕಾರ್ಡಿಫ್ ಈ ಆಟಗಾರ ತನ್ನವನೆಂದು ಲೋಕಕ್ಕೆ ಸಾರಿತು. ಹಳೆಯ ಸಂಗಡಿಗರಿಗೆ ವಿದಾಯ ಹೇಳಿಬರಲು ಸಾಲಾ ನಾಂತ್‌ಗೆ ಹೋದನು. ಜನವರಿ 21ರ ಸಂಜೆ ಅಲ್ಲಿಂದ ಕಾರ್ಡಿಫ್‌ಗೆ ಮರಳಲು, ಮಧ್ಯವರ್ತಿಗಳ ಮೂಲಕ ಗೊತ್ತಾಗಿದ್ದ ಒಂದೇ ಎಂಜಿನ್ನಿನ ಚಿಕ್ಕ ವಿಮಾನವನ್ನು ಏರಿದನು. ವಿಮಾನದಲ್ಲಿದ್ದವರು ಇಬ್ಬರೇ: ಆತ ಮತ್ತು ಚಾಲಕ ಡೇವಿಡ್ ಇಬ್ಬಟ್‌ಸನ್. ಗರ್ನ್‌ಸಿ ದ್ವೀಪದ ಉತ್ತರಕ್ಕೆ, ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ, ಆ ವಿಮಾನವು ಕಣ್ಮರೆಯಾಯಿತು. ಫೆಬ್ರವರಿ ಮೊದಲ ವಾರದಲ್ಲಿ ಸಮುದ್ರದ ತಳದಲ್ಲಿ ಅದರ ಅವಶೇಷ ಸಿಕ್ಕಿತು. ಸಾಲಾನ ದೇಹವನ್ನು ಮೇಲೆತ್ತಿ ಊರಿಗೆ ಕಳುಹಿಸಲಾಯಿತು. ಚಾಲಕನ ದೇಹ ಸಿಗಲೇ ಇಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಸಾಲಾನ ತಂದೆಯೂ ಹೃದಯಾಘಾತದಿಂದ ತೀರಿಕೊಂಡರು.

ಮನೆಯವರು ಶೋಕದಲ್ಲಿರುವಾಗಲೇ ನಾಂತ್ ಕ್ಲಬ್ಬು ಮೊದಲ ಕಂತನ್ನು ಕೇಳಿತು. ಕಾರ್ಡಿಫ್ ಕೊಡಲಿಲ್ಲ. ವ್ಯಾಜ್ಯವು ಫುಟ್‌ಬಾಲಿನ ವಿಶ್ವಸಂಸ್ಥೆಯಾದ ಫಿಫಾದ ಮುಂದೆ ಹೋಯಿತು. 2019ರ ಸೆಪ್ಟೆಂಬರಿನಲ್ಲಿ ಅದು ಮೊದಲ ಕಂತನ್ನು ಕೊಡಬೇಕೆಂದು ತೀರ್ಮಾನಿಸಿತು. ಕಾರ್ಡಿಫ್ ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು; 2022ರ ಆಗಸ್ಟ್ 26ರಂದು ಅದೂ ವಜಾ ಆಯಿತು. ಹೊಸ ಆಟಗಾರರ ನೋಂದಣಿಗೆ ತಡೆ ಬಿದ್ದ ಬಳಿಕ, 2023ರ ಆರಂಭದಲ್ಲಿ ಮೊದಲ ಕಂತು ಸಂದಿತು. ಅದೇ ವರ್ಷ ಉಳಿದ ಕಂತುಗಳನ್ನೂ ಕೊಡಬೇಕೆಂದು ಫಿಫಾ ಆದೇಶಿಸಿತು. ಸಮುದ್ರದಲ್ಲಿ ಮುಗಿದ ಒಂದು ಪಯಣದ ಲೆಕ್ಕ ನಾಲ್ಕು ವರ್ಷಗಳಿಗೂ ಮೀರಿ ಕಾಗದದ ಮೇಲೆ ಸಾಗಿತು.

ಎರಡು ಪಕ್ಷಗಳ ವಾದ

ಅನೇಕಾಂತದಲ್ಲಿ ನಂಬಿಕೆಯಿಟ್ಟವನು ಸೋತವನ ವಾದವನ್ನೂ ಅದರ ಪೂರ್ಣಬಲದಲ್ಲಿ ಕೇಳಬೇಕು. ಕಾರ್ಡಿಫ್‌ನ ವಾದ ಹುಡುಗಾಟದ್ದಲ್ಲ. ವರ್ಗಾವಣೆಯು ಕೆಲವು ಷರತ್ತುಗಳಿಗೆ ಒಳಪಟ್ಟಿತ್ತು. ಆ ಷರತ್ತುಗಳೆಲ್ಲ ನೆರವೇರಿರಲಿಲ್ಲ ಎಂಬುದು ಅದರ ಮೊದಲ ಮಾತು. ಸಾಲಾನೊಡನೆ ಮಾಡಿಕೊಂಡ ಕರಾರಿನಲ್ಲಿ ಸಹಿ ಬೋನಸ್ಸಿಗೆ ಸಂಬಂಧಿಸಿದ ಅಂಶವನ್ನು ಪ್ರೀಮಿಯರ್ ಲೀಗು ಒಪ್ಪಿರಲಿಲ್ಲವಾದ್ದರಿಂದ ಆತ ಆ ಲೀಗಿನಲ್ಲಿ ಆಡಲು ಇನ್ನೂ ಅರ್ಹನಾಗಿರಲಿಲ್ಲ ಎಂಬುದು ಎರಡನೆಯದು. ಆ ವಿಮಾನವನ್ನು ಗೊತ್ತುಮಾಡಿದವರು ನಾಂತ್‌ನ ಪರವಾಗಿ ವ್ಯವಹರಿಸಿದ ಮಧ್ಯವರ್ತಿಗಳಾದ್ದರಿಂದ ಆದ ನಷ್ಟಕ್ಕೆ ನಾಂತ್ ಹೊಣೆ ಎಂಬುದು ಮೂರನೆಯದು. ಬಾಧ್ಯತೆಯಿದೆಯೆಂದು ನಿರ್ಣಯವಾದರೆ ಕೊಡುವೆವೆಂದೂ ಅದು ಹೇಳಿಕೊಂಡಿತ್ತು.

ನಾಂತ್‌ನ ವಾದ ಸರಳ. ನಾವು ನಮ್ಮ ಆಟಗಾರನನ್ನು ಬಿಟ್ಟುಕೊಟ್ಟೆವು. ನಮ್ಮೊಡನೆ ಇದ್ದ ಅವನ ಕರಾರು ಮುಗಿಯಿತು. ವರ್ಗಾವಣೆ ಪತ್ರ ಹೋಯಿತು. ನಮ್ಮ ಪಾಲಿನ ಕೆಲಸ ತೀರಿತು. ಕ್ರೀಡಾ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು: ಸಾವಿಗೆ ಮೊದಲೇ ವರ್ಗಾವಣೆ ಪೂರ್ಣಗೊಂಡಿತ್ತು. ಲೀಗಿನ ತಕರಾರು ಕಾರ್ಡಿಫ್‌ಗೂ ಆಟಗಾರನಿಗೂ ನಡುವಿನದು. ವಿಮಾನದ ಹೊಣೆಯ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರ ತನಗಿಲ್ಲವೆಂದು ಆ ನ್ಯಾಯಾಲಯ ಬದಿಗಿಟ್ಟಿತು.

ನ್ಯಾಯಾಲಯದ ತೀರ್ಪು ನಮಗೆ ಸಾಕಾಗದು. ನ್ಯಾಯಾಧಿಪತಿಯು ಕೇಳುವುದು, ಇವನಿಂದ ಹಣವನ್ನು ವಸೂಲು ಮಾಡಬಹುದೇ ಎಂದು. ವ್ರತಿಯು ತನ್ನನ್ನು ಕೇಳಿಕೊಳ್ಳಬೇಕಾದುದು, ಯಾರೂ ವಸೂಲು ಮಾಡದಿದ್ದರೂ ನಾನು ಕೊಡಬೇಕೇ ಎಂದು. ಈ ಎರಡನೆಯ ಪ್ರಶ್ನೆಗೆ ಉಪವಾಸದ ಅನುಭವವೇ ನಮಗೆ ಬೆಳಕು ತೋರುತ್ತದೆ.

ವಿನಾಯಿತಿಯನ್ನು ಹೇಳುವ ಹೊತ್ತು

ಶ್ವೇತಾಂಬರ ಪರಂಪರೆಯಲ್ಲಿ ಉಪವಾಸದ ಪ್ರತ್ಯಾಖ್ಯಾನವನ್ನು ತೆಗೆದುಕೊಳ್ಳುವಾಗಲೇ ಆಗಾರಗಳೆಂಬ ವಿನಾಯಿತಿಗಳನ್ನೂ ಉಚ್ಚರಿಸುತ್ತಾರೆ. ನೆನಪುತಪ್ಪಿ ಏನನ್ನಾದರೂ ಬಾಯಿಗಿಟ್ಟರೆ, ಅಕಸ್ಮಾತ್ತಾಗಿ ಮಳೆಹನಿಯಂಥದು ತಾನಾಗಿ ಬಾಯಿಗೆ ಬಿದ್ದರೆ, ವ್ರತಭಂಗವಾಗದು ಎಂಬಂಥವು. ಮನುಷ್ಯ ದುರ್ಬಲನೆಂಬುದನ್ನು ಬಲ್ಲ ಆಚಾರ್ಯರ ಕರುಣೆ ಇದು. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ವಿನಾಯಿತಿಯನ್ನು ಹೇಳುವುದು ವ್ರತವನ್ನು ಹಿಡಿಯುವ ಹೊತ್ತಿನಲ್ಲಿ. ಮಧ್ಯಾಹ್ನ ಹಸಿವಾದ ಮೇಲೆ ಅಲ್ಲ. ಬೆಳಿಗ್ಗೆ ಹೇಳದ ವಿನಾಯಿತಿಯನ್ನು ಮಧ್ಯಾಹ್ನ ಹುಡುಕತೊಡಗಿದರೆ ಅಲ್ಲಿ ಮಾತನಾಡುತ್ತಿರುವುದು ಶಾಸ್ತ್ರವಲ್ಲ, ಹಸಿವು.

ಕಾರ್ಡಿಫ್ ಷರತ್ತುಗಳನ್ನು ಮೊದಲೇ ಬರೆದಿತ್ತಲ್ಲ ಎಂದು ವಾಚಕರು ಕೇಳಬಹುದು. ನಿಜ. ಬರೆದ ಷರತ್ತು ನೆರವೇರದಿದ್ದರೆ ಹಣ ಕೊಡಬೇಕಿಲ್ಲವೆನ್ನುವುದರಲ್ಲಿ ಅಧರ್ಮವಿಲ್ಲ. ನೆರವೇರಿತೆ ಇಲ್ಲವೆ ಎಂದು ಮೂರನೆಯವರನ್ನು ಕೇಳುವುದರಲ್ಲಿಯೂ ತಪ್ಪಿಲ್ಲ. ಆದರೆ "ನಮ್ಮ ಊರಿಗೆ ಸುರಕ್ಷಿತವಾಗಿ ತಲುಪಿದರೆ ಮಾತ್ರ ಹಣ" ಎಂದಾಗಲಿ, "ಒಂದು ಪಂದ್ಯವನ್ನಾದರೂ ಆಡಿದರೆ ಹಣ" ಎಂದಾಗಲಿ ಅವರು ಬರೆದಿರಲಿಲ್ಲ. ಬರೆದಿದ್ದ ಷರತ್ತುಗಳು ನೋಂದಣಿಯ ಷರತ್ತುಗಳು. ಬಂದೊದಗಿದ ಆಪತ್ತು ಸಾವಿನದು. ಸಾವು ತಂದ ನಷ್ಟವನ್ನು ನೋಂದಣಿಯ ಷರತ್ತಿನ ಬಾಗಿಲಿನಿಂದ ಹೊರದೂಡಲು ನೋಡಿದ್ದೇ ಇಲ್ಲಿನ ತೊಡಕು.

ನಮ್ಮ ಮುನಿಗಳ ವೃತ್ತಿಪರಿಸಂಖ್ಯಾನವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಆರು ಬಾಹ್ಯತಪಸ್ಸುಗಳಲ್ಲಿ ಅದೂ ಒಂದು. ಆಹಾರಕ್ಕೆ ಹೊರಡುವ ಮುನ್ನ ಮುನಿಯು ಮನಸ್ಸಿನಲ್ಲಿಯೇ ನಿಯಮವೊಂದನ್ನು ಮಾಡಿಕೊಳ್ಳುತ್ತಾನೆ: ಇಂಥ ಬೀದಿಯಲ್ಲಿ, ಇಷ್ಟೇ ಮನೆಗಳೊಳಗೆ, ಪ್ರತಿಗ್ರಹಿಸುವವರ ಕೈಯಲ್ಲಿ ಇಂಥ ವಸ್ತುವಿದ್ದರೆ ಮಾತ್ರ ಆಹಾರ. ಆ ನಿಯಮ ಯಾರಿಗೂ ಗೊತ್ತಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ. ಮನೆಮನೆಯ ಮುಂದೆ ಶ್ರಾವಕರು ಭಕ್ತಿಯಿಂದ ನಿಂತಿರುತ್ತಾರೆ. ನಿಯಮ ಕೂಡಿಬರದಿದ್ದರೆ ಮುನಿ ಮೌನವಾಗಿ ಮರಳುತ್ತಾನೆ. ಸ್ವಲ್ಪ ಸಡಿಲಿಸಿಕೊಂಡಿದ್ದರೆ ತಿಳಿಯುವವರಾರು? ಆದರೂ ಸಡಿಲಿಸುವುದಿಲ್ಲ. ಇಲ್ಲಿಯೂ ಇರುವುದು ಷರತ್ತೇ. ಆದರೆ ಆ ಷರತ್ತು ಬಿಗಿಯುವುದು ತನ್ನನ್ನು. ಎದುರಿಗೆ ನಿಂತ ಗೃಹಸ್ಥನನ್ನಲ್ಲ. ಲೌಕಿಕ ಕರಾರಿನಲ್ಲಿ ಷರತ್ತು ನನ್ನನ್ನು ಬಿಡಿಸಲು ಇದೆ. ವ್ರತದಲ್ಲಿ ಷರತ್ತು ನನ್ನನ್ನು ಕಟ್ಟಲು ಇದೆ. ಶ್ರಾವಕನು ಮುನಿಯಲ್ಲ, ಲೌಕಿಕ ಕರಾರುಗಳಿಲ್ಲದೆ ಅವನ ಸಂಸಾರ ನಡೆಯದು. ಆದರೂ ಸಂದೇಹ ಬಂದಾಗ ಆ ಸಂದೇಹದ ಭಾರವನ್ನು ಯಾರ ತಟ್ಟೆಗೆ ಹಾಕಬೇಕೆಂಬುದರಲ್ಲಿ ಅವನು ಮುನಿಯಿಂದ ಕಲಿಯಬಹುದು.

ಒಂದೇ ತಕ್ಕಡಿ

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಎಂದು ಅದರ ಅರ್ಥ. ಸೇರು ಪಾವುಗಳ ಕಾಲ ಮುಗಿದರೂ ಈ ಅತಿಚಾರ ಮುಗಿದಿಲ್ಲ. ನ್ಯಾಯವನ್ನು ಅಳೆಯುವುದಕ್ಕೂ ನಾವು ಎರಡು ಸೇರುಗಳನ್ನಿಟ್ಟುಕೊಂಡಿರುತ್ತೇವೆ: ಬರಬೇಕಾದುದಕ್ಕೆ ಒಂದು, ಕೊಡಬೇಕಾದುದಕ್ಕೆ ಒಂದು.

ಈ ಪ್ರಕರಣವನ್ನು ಆ ತಕ್ಕಡಿಗೆ ಹಾಕೋಣ. ವಿಮಾನ ಬೀಳಲಿಲ್ಲವೆನ್ನಿ, ಸಾಲಾ ಕಾರ್ಡಿಫ್ ತಲುಪಿದನೆನ್ನಿ. ಅದೇ ಹೊತ್ತಿಗೆ ಬೇರೊಂದು ಶ್ರೀಮಂತ ಕ್ಲಬ್ಬು ನಾಂತ್‌ನ ಬಾಗಿಲಿಗೆ ಬಂದು ಎರಡರಷ್ಟು ಹಣವನ್ನು ಮುಂದಿಟ್ಟಿತೆನ್ನಿ. ಆಗ ನಾಂತ್‌ನವರು "ನಮ್ಮ ಕರಾರಿನ ಷರತ್ತುಗಳು ಇನ್ನೂ ಪೂರ್ತಿಯಾಗಿ ನೆರವೇರಿಲ್ಲ, ಆದುದರಿಂದ ಆಟಗಾರ ಇನ್ನೂ ನಮ್ಮವನೇ" ಎಂದಿದ್ದರೆ ಕಾರ್ಡಿಫ್ ಒಪ್ಪುತ್ತಿತ್ತೆ? ಎರಡು ದಿನ ಮೊದಲೇ ಲೋಕಕ್ಕೆಲ್ಲ ಸಾರಿದ್ದ ಕ್ಲಬ್ಬು, "ಸಹಿಯಾಗಿದೆ, ಪತ್ರ ಬಂದಿದೆ, ಅವನು ನಮ್ಮವನು" ಎಂದು ಅದೇ ಫಿಫಾದ ಮೆಟ್ಟಿಲನ್ನು ಹತ್ತುತ್ತಿರಲಿಲ್ಲವೆ? ಹತ್ತುತ್ತಿತ್ತೆಂದು ನಾವು ಪ್ರಾಮಾಣಿಕವಾಗಿ ಒಪ್ಪುವುದಾದರೆ ಪ್ರಶ್ನೆ ಬಗೆಹರಿಯಿತು. ಬದುಕಿದ್ದರೆ ನನ್ನವನಾಗುತ್ತಿದ್ದವನು ಸತ್ತಾಗಲೂ ನನ್ನವನೇ. ಲಾಭವಾಗುವಾಗ ಪೂರ್ಣವಾದ ಕರಾರು ನಷ್ಟವಾಗುವಾಗ ಅಪೂರ್ಣವಾಗದು.

ನನ್ನ ಮೊದಲ ಉತ್ತರವನ್ನು ಕೆಡವಿದ್ದು ಈ ತಕ್ಕಡಿಯೇ. "ಬಾರದವನಿಗೆ ಬೆಲೆಯೇಕೆ" ಎಂದಾಗ ನಾನು ಕೊಂಡವನ ಅಂಗಳದಲ್ಲಿ ಮಾತ್ರ ನಿಂತು ನೋಡಿದ್ದೆ. ಜಾತ್ರೆಯಲ್ಲಿ ಎತ್ತಿನ ಹಗ್ಗವನ್ನು ಕೈಗೆ ತೆಗೆದುಕೊಂಡ ಮೇಲೆ ದಾರಿಯಲ್ಲಿ ಅದು ಸತ್ತರೆ, ಮಾರಿದವನ ಮನೆಗೆ ಹೋಗಿ ಹಣ ಹಿಂದಕ್ಕೆ ಕೊಡೆನ್ನುವವನನ್ನು ಹಳ್ಳಿಯ ಹಿರಿಯರು ಒಪ್ಪುವುದಿಲ್ಲ. ಮನುಷ್ಯನನ್ನು ಎತ್ತಿಗೆ ಹೋಲಿಸುವುದು ನೋವಿನ ಮಾತು. ಆ ನೋವಿನ ವಿಚಾರಕ್ಕೆ ಮುಂದೆ ಬರುತ್ತೇನೆ.

ಸತ್ಯಘೋಷನ ಚೂರಿ

ಸತ್ಯವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ: ನಂಬಿ ಇಟ್ಟ ಧನವನ್ನು ಮಾತಿನ ಚಾತುರ್ಯದಿಂದ ಅಡಗಿಸಿಕೊಳ್ಳುವುದು. ಧನಕ್ಕೆ ಸಂಬಂಧಿಸಿದ ಈ ದೋಷವನ್ನು ಆಚಾರ್ಯರು ಕಳ್ಳತನದ ಕೆಳಗಲ್ಲ, ಸುಳ್ಳಿನ ಕೆಳಗೆ ಇಟ್ಟಿದ್ದಾರೆಂಬುದು ಗಮನಾರ್ಹ. ಇಲ್ಲಿ ಕೈ ಕದಿಯುವುದಿಲ್ಲ, ನಾಲಗೆ ಕದಿಯುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಸತ್ಯಕ್ಕೆ ನಿದರ್ಶನವಾಗಿ ಹೆಸರಿಸುವ ಸತ್ಯಘೋಷನ ಕಥೆಯನ್ನು ವಾಚಕರು ಬಲ್ಲರು. ಸಿಂಹಪುರದ ಪುರೋಹಿತನಾದ ಆತ ಜನಿವಾರದಲ್ಲಿ ಚೂರಿಯೊಂದನ್ನು ಕಟ್ಟಿಕೊಂಡು, ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಸಾರುತ್ತಿದ್ದನು. ಆ ಖ್ಯಾತಿಯನ್ನು ನಂಬಿ ವಣಿಕನೊಬ್ಬನು ಐದು ರತ್ನಗಳನ್ನು ಅವನಲ್ಲಿಟ್ಟು ವ್ಯಾಪಾರಕ್ಕೆಂದು ದೂರದೇಶಕ್ಕೆ ಹೋದನು. ಮರಳುವಾಗ ಹಡಗು ಒಡೆದು ಸರ್ವಸ್ವವೂ ಸಮುದ್ರದ ಪಾಲಾಯಿತು. ಬರಿಗೈಯಲ್ಲಿ ಬಂದವನು ತನ್ನ ರತ್ನಗಳನ್ನು ಕೇಳಿದಾಗ, ಹಡಗು ಮುಳುಗಿದ ದುಃಖದಲ್ಲಿ ಇವನಿಗೆ ಬುದ್ಧಿ ಕೆಟ್ಟಿದೆಯೆಂದು ಸತ್ಯಘೋಷ ಜನರನ್ನು ನಂಬಿಸಿದನು. ವಣಿಕನು ಅರಮನೆಯ ಬಳಿಯ ಮರವನ್ನೇರಿ ದಿನವೂ ಅದನ್ನೇ ಕೂಗುತ್ತಿದ್ದನು. ರಾಣಿ ರಾಮದತ್ತೆಯೊಬ್ಬಳೇ ಆ ಕೂಗಿನಲ್ಲಿ ವ್ಯತ್ಯಾಸವಿಲ್ಲದ್ದನ್ನು ಗಮನಿಸಿ, ಜೂಜಿನ ನೆವದಿಂದ ಸತ್ಯಘೋಷನನ್ನು ಸೋಲಿಸಿ ರತ್ನಗಳನ್ನು ತರಿಸಿದಳು. ರಾಜನು ಅವನ್ನು ಬೇರೆ ರತ್ನಗಳೊಡನೆ ಬೆರೆಸಿ ಮುಂದಿಟ್ಟಾಗ ವಣಿಕನು ತನ್ನ ಐದನ್ನು ಮಾತ್ರ ಆರಿಸಿಕೊಂಡನು.

ಕಾರ್ಡಿಫ್ ಸತ್ಯಘೋಷನೆಂದು ನಾನು ಹೇಳುತ್ತಿಲ್ಲ. ಅದು ಮರೆಮಾಚಿದ್ದೇನೂ ಇಲ್ಲ, ಬಹಿರಂಗವಾಗಿ ವಾದಿಸಿತು. ಕಥೆಯ ಪಾಠ ಬೇರೆ. ವಣಿಕನ ಹಡಗು ಮುಳುಗಿತೆಂಬ ಕಾರಣಕ್ಕೆ ಅವನ ರತ್ನಗಳು ಇಲ್ಲವಾಗಲಿಲ್ಲ. ಸಮುದ್ರದಲ್ಲಿ ಆದ ಹಾನಿ ಒಂದು. ನೆಲದ ಮೇಲಿನ ಋಣ ಇನ್ನೊಂದು. ದುರಂತದ ಗದ್ದಲದಲ್ಲಿ ಈ ಎರಡನ್ನೂ ಬೆರೆಸಿದವನಿಗೆ ಲಾಭವಾಗುತ್ತದೆ. ಆ ಲಾಭವನ್ನು ಬೇಡವೆನ್ನುವುದೇ ಸತ್ಯವ್ರತ. ಕಥೆಯ ಕೊನೆಯ ಮಾತು ಋಣಿಗಲ್ಲ, ಧನಿಗೆ: ರಾಶಿ ಮುಂದಿದ್ದರೂ ತನ್ನ ಐದನ್ನಷ್ಟೇ ಮುಟ್ಟಬೇಕು.

ಲಾಭಾಂತರಾಯ ಯಾರದು?

ಹಾಗಾದರೆ ವಿಮಾನದ ಹೊಣೆಯ ಪ್ರಶ್ನೆ ಏನಾಯಿತು? ಅದು ಸಣ್ಣದಲ್ಲ. ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಸಂಸ್ಥೆ 2020ರ ಮಾರ್ಚಿಯಲ್ಲಿ ಕೊಟ್ಟ ವರದಿಯ ಪ್ರಕಾರ, ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಆ ಚಾಲಕನಿಗಿರಲಿಲ್ಲ. ರಾತ್ರಿ ಹಾರಿಸುವ ಅರ್ಹತೆಯೂ ಇರಲಿಲ್ಲ. ಹೊಗೆಯ ಕೊಳವೆಯ ಕಡೆಯಿಂದ ಕಾರ್ಬನ್ ಮೊನಾಕ್ಸೈಡ್ ಅನಿಲವು ಒಳಗೆ ಸೇರಿದ್ದಿರಬಹುದೆಂದು ತನಿಖೆ ಕಂಡಿತು. ಸಾಲಾನ ರಕ್ತದಲ್ಲಿ ಆ ವಿಷದ ಪ್ರಮಾಣ ಶೇಕಡಾ 58ರಷ್ಟಿತ್ತು. ವಿಮಾನವು ನೀರಿಗೆ ಬೀಳುವ ಹೊತ್ತಿಗೆ ಆತನಿಗೆ ಪ್ರಜ್ಞೆಯೇ ಇದ್ದಿರಲಾರದು. ಆ ಹಾರಾಟವನ್ನು ಏರ್ಪಡಿಸಿದ ವ್ಯಕ್ತಿಗೆ ವಿಮಾನದ ಸುರಕ್ಷತೆಗೆ ಅಪಾಯ ತಂದ ಅಪರಾಧಕ್ಕಾಗಿ 2021ರಲ್ಲಿ 18 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ಹಿಂಸೆಯ ಮೂಲ ಪ್ರಮಾದವೆಂದು ನಮ್ಮ ಆಗಮಗಳು ಎಷ್ಟು ಸಲ ಹೇಳಿಲ್ಲ! ಕೊಲ್ಲುವ ಮನಸ್ಸಿಲ್ಲದಿದ್ದರೂ ಎಚ್ಚರಗೇಡಿನಿಂದ ನಡೆದವನು ಹಿಂಸೆಯ ಬಾಗಿಲಿನಲ್ಲಿಯೇ ನಿಂತಿರುತ್ತಾನೆ. ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯ ಪರಂಪರೆಯವರಾದ ನಮಗೆ, ಇರುಳಿನಲ್ಲಿ ಅನರ್ಹನ ಕೈಗೆ ಒಂದು ಜೀವವನ್ನು ಒಪ್ಪಿಸಿದ ಈ ಅವಸರವೇ ಇಡೀ ಪ್ರಕರಣದ ಘೋರವಾದ ಪಾಪವಾಗಿ ಕಾಣಬೇಕು. ಆ ಪ್ರಮಾದದಲ್ಲಿ ನಾಂತ್‌ನ ಪಾಲೆಷ್ಟು, ಮಧ್ಯವರ್ತಿಗಳ ಪಾಲೆಷ್ಟು ಎಂದು ಕೇಳುವ ಹಕ್ಕು ಕಾರ್ಡಿಫ್‌ಗೆ ಇದೆ. ಆ ಬಗ್ಗೆ ಅದು ನಾಂತ್‌ನ ವಾಣಿಜ್ಯ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆಯನ್ನೂ ಹೂಡಿತು. ಆದರೆ ಅದು ಬೇರೆ ಖಾತೆ. ನೀನು ನನಗೆ ಕೇಡು ಮಾಡಿದ್ದೀಯೆ ಎಂಬ ದೂರನ್ನು, ನಾನು ನಿನಗೆ ಕೊಡಬೇಕಾದ ಋಣದ ಪುಟದಲ್ಲಿ ಬರೆದು, ಲೆಕ್ಕ ಸರಿಹೋಯಿತೆಂದು ತಾನೇ ಗೆರೆ ಎಳೆಯುವುದು ವ್ಯವಹಾರಧರ್ಮವಲ್ಲ. ಮೊದಲು ಋಣವನ್ನು ತೀರಿಸಿ, ಅನಂತರ ದೂರನ್ನು ಹೇಳುವವನ ಮಾತಿಗೆ ತೂಕ ಹೆಚ್ಚು.

ಕರ್ಮಸಿದ್ಧಾಂತದ ಭಾಷೆಯಲ್ಲಿ ಹೇಳುವುದಾದರೆ, ಕಾರ್ಡಿಫ್‌ಗೆ ಆದುದು ಲಾಭಾಂತರಾಯ: ಸಿಗಬೇಕಾದುದು ಕೈಯ ಹತ್ತಿರ ಬಂದು ತಪ್ಪಿತು. ಮುನಿಯ ಕೈಯ ತುತ್ತಿನಲ್ಲಿ ಕೂದಲೋ ಸತ್ತ ಜೀವಿಯೋ ಕಂಡರೆ ಅಂತರಾಯವೆಂದು ಅಂದಿನ ಆಹಾರವನ್ನು ಅಲ್ಲಿಗೇ ಬಿಡುತ್ತಾನೆ. ಬಡಿಸಿದವನ ಮೇಲೆ ಮುನಿಸಿಲ್ಲ. ಹಸಿವನ್ನು ತಾನೇ ಹೊತ್ತು ಮರುದಿನದವರೆಗೆ ನಡೆಯುತ್ತಾನೆ. ನನಗೆ ಬಂದ ಅಂತರಾಯವನ್ನು ಇನ್ನೊಬ್ಬನ ಲಾಭಕ್ಕೆ ಅಂತರಾಯವಾಗಿ ಮಾಡಿದರೆ ಹಳೆಯ ಕರ್ಮ ಕಳೆಯುವುದಿಲ್ಲ, ಹೊಸದು ಕೂಡುತ್ತದೆ.

ಧನಿಯ ವ್ರತ

ಇಷ್ಟಾದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ದೇಹ ಸಿಕ್ಕುವ ಮೊದಲೋ, ಮಣ್ಣಿನ ಹಸಿ ಆರುವ ಮೊದಲೋ ಹಣ ಕೇಳುವುದು ಎಂಥ ಧರ್ಮ? ನಾಂತ್ ಸುಮ್ಮನೆ ಬಿಟ್ಟುಬಿಡಬಹುದಿತ್ತಲ್ಲವೆ?

ಬಿಟ್ಟಿದ್ದರೆ ಅದು ತ್ಯಾಗವಾಗುತ್ತಿತ್ತು, ಹೊಗಳತಕ್ಕದ್ದಾಗುತ್ತಿತ್ತು. ಕೆಲವು ಕಾಲ ಕಾದು, ದುಃಖ ತಣಿದ ಮೇಲೆ ಕೇಳಿದ್ದರೂ ಅದೊಂದು ಸೌಜನ್ಯವಾಗುತ್ತಿತ್ತು. ಆದರೆ ಎರಡು ಮಾತುಗಳನ್ನು ನೆನೆಯಬೇಕು. ಮೊದಲನೆಯದು, ಆ ಹಣವೆಲ್ಲ ನಾಂತ್‌ನದಾಗಿರಲಿಲ್ಲ. ಸಾಲಾನನ್ನು ಮುಂದೆ ಮಾರಿದರೆ ಬರುವ ಶುಲ್ಕದಲ್ಲಿ ಅರ್ಧ ಪಾಲು ಬೋರ್ಡೋ ಕ್ಲಬ್ಬಿಗೆ ಸಲ್ಲಬೇಕೆಂಬ ಕರಾರು ಹಿಂದೆಯೇ ಆಗಿತ್ತು. ಇನ್ನೊಬ್ಬರ ಪಾಲನ್ನು ನಾನು ಔದಾರ್ಯದಿಂದ ಬಿಟ್ಟುಕೊಡಲಾರೆ. ಎರಡನೆಯದು ಇನ್ನೂ ಮುಖ್ಯ. ಕ್ಷಮೆ ಧನಿಯ ಕೈಯಲ್ಲಿದೆ, ಋಣಿಯ ಕೈಯಲ್ಲಿಲ್ಲ. ಧನಿಯು ಬಿಟ್ಟರೆ ಅದು ದಾನ. ಋಣಿಯು ತಾನಾಗಿ ಬಿಟ್ಟುಕೊಂಡರೆ ಅದು ಅಪಹಾರ. "ಅವರು ಇಷ್ಟು ಕಠಿಣರಾಗಬಾರದಿತ್ತು" ಎಂಬ ಮಾತನ್ನು ಹೊರಗಿನವರಾದ ನಾವು ಆಡಬಹುದು. ಕೊಡಬೇಕಾದವನ ಬಾಯಲ್ಲಿ ಅದು ಶೋಭಿಸದು. ಪರಿಗ್ರಹಪರಿಮಾಣವು ನಾಂತ್ ಎತ್ತಿಕೊಳ್ಳಬೇಕಾದ ವ್ರತ. ಸತ್ಯ ಅಚೌರ್ಯಗಳು ಕಾರ್ಡಿಫ್ ಎತ್ತಿಕೊಳ್ಳಬೇಕಾದ ವ್ರತಗಳು. ತಾನು ಹಿಡಿಯಬೇಕಾದ ವ್ರತವನ್ನು ಬಿಟ್ಟು ಎದುರಿನವನು ಹಿಡಿಯಬೇಕಾದುದನ್ನು ಉಪದೇಶಿಸುವುದರಲ್ಲಿಯೇ ಲೋಕದ ಅರ್ಧ ಜಗಳಗಳು ಹುಟ್ಟುತ್ತವೆ.

ಬೆಲೆಯಿಲ್ಲದವನು

ಈಗ ಆ ಎತ್ತಿನ ಹೋಲಿಕೆಯ ನೋವಿಗೆ ಬರೋಣ. ಪರಿಗ್ರಹದ ಪಟ್ಟಿಯಲ್ಲಿ ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯಗಳೊಡನೆ ದಾಸಿ ದಾಸರನ್ನೂ ಪ್ರಾಚೀನರು ಎಣಿಸಿದ್ದಾರೆ. ಆಳುವವರು ಆ ಕಾಲದಲ್ಲಿ ಮನುಷ್ಯರನ್ನೂ ಸ್ವತ್ತೆಂದು ಬಗೆದಿದ್ದರೆಂಬುದಕ್ಕೆ ಅದು ಸಾಕ್ಷಿ. ಅದಕ್ಕೂ ಮಿತಿ ಹಾಕಬೇಕೆಂದದ್ದು ವ್ರತದ ಹಿರಿಮೆ. ಇಂದಿನ ಆಟಗಾರ ದಾಸನಲ್ಲ. ಅವನಿಗೆ ಕರಾರಿದೆ, ಸಂಬಳವಿದೆ, ಅವನ ಒಪ್ಪಿಗೆಯಿಲ್ಲದೆ ಅವನನ್ನು ಎಲ್ಲಿಗೂ ಕಳುಹಿಸುವಂತಿಲ್ಲ. ಆದರೂ "ಕೊಂಡರು", "ಮಾರಿದರು" ಎಂಬ ಮಾತುಗಳೇ ಬಳಕೆಯಲ್ಲಿವೆ. 1 ಕೋಟಿ 70 ಲಕ್ಷ ಯೂರೋ ಎಮಿಲಿಯಾನೊವಿನ ಬೆಲೆಯಾಗಿರಲಿಲ್ಲ. ಅದು ಒಂದು ಕರಾರನ್ನು ಬಿಟ್ಟುಕೊಡುವುದರ ಬೆಲೆ. ಆತನ ಜೀವಕ್ಕೆ ಬೆಲೆಯನ್ನು ಪ್ರೊಗ್ರೆಸೊದ ಮನೆಯವರೂ ಕಟ್ಟಲಾರರು.

ಈ ಭೇದವನ್ನು ಹಿಡಿದುಕೊಂಡರೆ ಮಾತ್ರ ಹಣವನ್ನು ಕೊಡುವುದು ಕ್ರೌರ್ಯವಾಗದೆ ಗೌರವವಾಗುತ್ತದೆ. "ಆತ ನಮಗೆ ಸಿಗಲಿಲ್ಲ, ಆದುದರಿಂದ ಕೊಡೆವು" ಎಂದಾಗ ಆತನನ್ನು ತಲುಪದೆ ಹೋದ ಸರಕೆಂದು ಎಣಿಸಿದಂತಾಯಿತು. "ಆತ ನಮ್ಮವನಾಗಿದ್ದನು, ನಮ್ಮವನಾಗಿಯೇ ತೀರಿಕೊಂಡನು, ಆತನಿಗಾಗಿ ಆಡಿದ ಮಾತನ್ನು ನಡೆಸುತ್ತೇವೆ" ಎಂದಿದ್ದರೆ ಆ ಕ್ಲಬ್ಬು ಋಣವನ್ನು ತೀರಿಸುವುದರೊಡನೆ ಆತನನ್ನು ತನ್ನ ಮನೆಯವನೆಂದು ಒಪ್ಪಿದಂತಾಗುತ್ತಿತ್ತು. ಒಂದು ಪಂದ್ಯವನ್ನೂ ಆಡದವನಿಗೆ ಅದಕ್ಕಿಂತ ದೊಡ್ಡ ಅಂಗಿ ಯಾವುದು?

ಕೊನೆಯ ಮಾತು

ನಮ್ಮ ವ್ಯವಹಾರಗಳ ಮೊತ್ತ ಕೋಟಿ ಯೂರೋಗಳದಲ್ಲ. ಆದರೆ ಮುಂಗಡ ಕೊಟ್ಟ ಮೇಲೆ ನಿಂತುಹೋದ ಮದುವೆ, ಲಾರಿಗೆ ಏರಿಸಿದ ಮೇಲೆ ಮಳೆಯಲ್ಲಿ ನೆಂದ ಧಾನ್ಯ, ಕೆಲಸಕ್ಕೆ ಗೊತ್ತಾಗಿ ಕಾಯಿಲೆ ಬಿದ್ದ ಆಳು, ಇವು ನಮ್ಮ ಬಾಗಿಲಿಗೂ ಬರುತ್ತವೆ. ಆಗ ನೆನೆಯಬೇಕಾದುದು ಇಷ್ಟು. ಹೇಳಬೇಕಾದ ವಿನಾಯಿತಿಯನ್ನು ಮಾತು ಕೊಡುವಾಗಲೇ ಹೇಳಬೇಕು. ಲಾಭಕ್ಕೂ ನಷ್ಟಕ್ಕೂ ಒಂದೇ ತಕ್ಕಡಿಯನ್ನು ಹಿಡಿಯಬೇಕು. ಋಣವನ್ನೂ ದೂರನ್ನೂ ಬೇರೆಬೇರೆ ಪುಟಗಳಲ್ಲಿ ಬರೆಯಬೇಕು. ಬರಬೇಕಾದವನಾಗಿದ್ದರೆ, ಬಿಡುವ ಅಧಿಕಾರ ತನಗೊಬ್ಬನಿಗೇ ಇದೆಯೆಂಬುದನ್ನು ಮರೆಯದೆ, ಬಿಡಲಾಗುವಷ್ಟನ್ನು ಬಿಡಬೇಕು.

ಪ್ರೋಷಧವ್ರತದ ಅತಿಚಾರಗಳಲ್ಲಿ ಕೊನೆಯ ಎರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ: ಹಿಡಿದ ವ್ರತದಲ್ಲಿ ಉತ್ಸಾಹ ತಗ್ಗುವುದು, ಹಿಡಿದೆನೆಂಬುದನ್ನೇ ಮರೆಯುವುದು. ಅನ್ನವನ್ನು ಮುಟ್ಟದಿದ್ದರೂ ಈ ಎರಡರಿಂದ ಉಪವಾಸ ಕೆಡುತ್ತದೆ. ಕೊಟ್ಟ ಮಾತಿಗೂ ಹಾಗೆಯೇ. ಕೊನೆಗೆ ಹಣ ಸಂದಿತೆಂಬುದರಿಂದ ಮಾತು ಪೂರ್ತಿಯಾಗಿ ಉಳಿದಂತಾಗದು; ವರ್ಷಗಟ್ಟಲೆ ಎಳೆದು, ತಡೆ ಬಿದ್ದ ಮೇಲೆ ಕೊಟ್ಟದ್ದರಲ್ಲಿ ಆ ಅನಾದರದ ಕಲೆ ಉಳಿಯುತ್ತದೆ. ಉಪವಾಸದ ದಿನ ಬೆಳಗಿನ ಜಾವದಲ್ಲಿ ವ್ರತ ಹಗುರ. ಅದರ ತೂಕ ತಿಳಿಯುವುದು ಸಂಜೆಗೆ. ಮಾತಿನ ತೂಕವೂ ತಿಳಿಯುವುದು ಕೊಟ್ಟದ್ದರಿಂದ ನಮಗೇನೂ ಸಿಗದೆಂದು ಗೊತ್ತಾದ ಮೇಲೆ. ಆ ಸಂಜೆಯನ್ನು ದಾಟಿದವನಿಗೇ ಪಾರಣೆಯ ಅಧಿಕಾರ.

ಆ ತರುಣ ಮಿತ್ರರು ಮುಂದಿನ ಸ್ವಾಧ್ಯಾಯಕ್ಕೆ ಬಂದಾಗ, ಅಂದು ಅವಸರದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿ, "ಕೊಡಬೇಕು" ಎಂದು ತಿದ್ದಿ ಹೇಳುವವನಿದ್ದೇನೆ.